ಪ್ರತಿ ಸುತ್ತಿಗೂ ಒಂದು ಮಾತು

ನಾನು ಓಡಲು ಶುರು ಮಾಡಿದ್ದು ಒಂದು ಬಸ್ಸು ತಪ್ಪಿದ್ದರಿಂದ.

ನಮ್ಮ ಗಾರ್ಮೆಂಟ್ಸಿನ ಹೆಂಗಸರೆಲ್ಲ ಹತ್ತುವ ಬಸ್ಸು ಬೊಮ್ಮನಹಳ್ಳಿ ಸ್ಟಾಪಿಗೆ ಬೆಳಿಗ್ಗೆ ಎಂಟು ದಾಟಿದ ಮೇಲೆ ಬರುತ್ತದೆ. ಅವತ್ತು ನಾನು ಗಲ್ಲಿಯ ತುದಿ ತಲುಪುವಷ್ಟರಲ್ಲಿ ಅದು ಹೊರಟಿತ್ತು. ಹಿಂದಿನ ಕಿಟಕಿಯಲ್ಲಿ ನನ್ನ ಗೆಳತಿ ಕೂತಿದ್ದಳು. ಶರ್ಟಿಗೆ ಕಾಲರ್ ಕೂರಿಸುವ ಕೆಲಸ ಅವಳದು. ಅದೇ ಲೈನಿನ ಕೊನೆಯಲ್ಲಿ ಹೊಲಿಗೆ ಪರೀಕ್ಷಿಸುವ ಚೆಕರ್ ಕೆಲಸ ನನ್ನದು. ಅವಳು ಕೈ ಬೀಸಿ ಕರೆದಳು. ಕರೆದಳೆಂದು ನಾನು ಓಡಿದೆ. ಮೈಮೇಲೆ ಚೂಡಿದಾರ, ಕಾಲಲ್ಲಿ ರಬ್ಬರ್ ಚಪ್ಪಲಿ, ಹೆಗಲಲ್ಲಿ ಊಟದ ಡಬ್ಬಿ.

ಆ ಹೊತ್ತಿಗೆ ಹೊಸೂರು ರಸ್ತೆಯಲ್ಲಿ ಬಸ್ಸು ತೆವಳುತ್ತದೆ. ನೂರು ಹೆಜ್ಜೆಗೆ ಹಿಂಬಾಗಿಲ ಹತ್ತಿರ ಬಂದೆ. ಬಾಗಿಲು ಮುಚ್ಚಿತ್ತು. ಇನ್ನು ನೂರು ಹೆಜ್ಜೆಗೆ ಡ್ರೈವರಿನ ಪಕ್ಕಕ್ಕೆ ಬಂದೆ. ಅವನು ಮುಂದಿನ ಸ್ಟಾಪ್ ಅಂತ ಕೈ ತೋರಿಸಿದ. ಮುಂದಿನ ಸ್ಟಾಪಿಗೆ ಅವನಿಗಿಂತ ಮೊದಲೇ ಹೋಗಿ ನಿಂತೆ. ಎದೆ ಹೊಡೆದುಕೊಳ್ಳುತ್ತಿತ್ತು, ಕಿವಿ ಸುಡುತ್ತಿತ್ತು, ಮೈಯೊಳಗೆ ಯಾರೋ ದೀಪ ಹಾಕಿದ ಹಾಗಿತ್ತು. ಬಸ್ಸು ಬರುವುದು ಕಾಣುತ್ತಿತ್ತು. ಕಾಯಲು ಆಗಲಿಲ್ಲ, ಮತ್ತೆ ಓಡಿದೆ.

ಮೂರು ಕಿಲೋಮೀಟರ್ ಹಾಗೆಯೇ ಆಯಿತು. ಕಿಟಕಿಗಳಲ್ಲೆಲ್ಲ ನಮ್ಮ ಲೈನಿನವರ ತಲೆಗಳು. "ಲೇ, ಬಸ್ ಫ್ರೀ ಕಣೇ, ಯಾಕೆ ಓಡ್ತೀಯಾ?" ಅಂತ ಗೆಳತಿ ಕೂಗಿದಳು. ಒಂದು ಸಿಗ್ನಲ್ಲಿನಲ್ಲಿ ಬಸ್ಸು ನನ್ನನ್ನು ದಾಟಿತು, ಮುಂದಿನ ಸಿಗ್ನಲ್ಲಿನಲ್ಲಿ ನಾನು ಅದನ್ನು ದಾಟಿದೆ. ಫ್ಯಾಕ್ಟರಿ ಗೇಟಿಗೆ ನಾನೇ ಮೊದಲು ಬಂದೆ. ಅವರೆಲ್ಲ ಇಳಿದು ಬಂದಾಗ ಬಗ್ಗಿ ಮಂಡಿ ಹಿಡಿದು ನಗುತ್ತಿದ್ದೆ. ನಿಲ್ಲಿಸಲು ಆಗದಂಥ ನಗು. ಒಬ್ಬೊಬ್ಬರಾಗಿ ಅವರೂ ನಗತೊಡಗಿದರು, ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ನನಗೆ ಆಗ ನೆನಪಾಯಿತು. ನಮ್ಮ ಯಜಮಾನರು ತೀರಿಕೊಂಡು ಅವತ್ತಿಗೆ ಮೂರು ತಿಂಗಳಾಗಿತ್ತಷ್ಟೇ.

ಅವರು ಅತ್ತಿಬೆಲೆಯ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ಒಂದು ಮಧ್ಯಾಹ್ನ ಊಟ ಮುಗಿಸಿ, ಕೈ ತೊಳೆದು, ಹೊಂಗೆ ಮರದ ಕೆಳಗೆ ಒರಗಿ ಕೂತರಂತೆ. ಸೈರನ್ ಆದ ಮೇಲೂ ಏಳಲಿಲ್ಲ. ನಲವತ್ತನಾಲ್ಕು ವರ್ಷ. ಮನೆಯಲ್ಲಿದ್ದ ನಮ್ಮ ಅತ್ತೆಗೆ ಮೊದಲು ಫೋನ್ ಹೋಗಿದೆ, ಯಾರದೋ ಗೊತ್ತಿಲ್ಲದ ದನಿ, ನಿಮ್ಮವರು ಆಂಬುಲೆನ್ಸಿನಲ್ಲಿದ್ದಾರೆ ಅಂತ. ನನಗೆ ಸೂಪರ್‌ವೈಸರ್ ಬಂದು ಹೇಳುವಾಗ ನಮ್ಮ ಲೈನ್ ನಿಂತಿತ್ತು. ಹನ್ನೆರಡು ವರ್ಷದಲ್ಲಿ ಕರೆಂಟ್ ಹೋದಾಗ ಬಿಟ್ಟರೆ ಅದು ನಿಂತಿದ್ದನ್ನು ನಾನು ನೋಡಿರಲಿಲ್ಲ. ಅಷ್ಟು ಮಷೀನುಗಳು ಒಟ್ಟಿಗೆ ಸುಮ್ಮನಾದಾಗಲೇ ನನಗೆ ಗೊತ್ತಾಗಿಹೋಯಿತು.

ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಉಳಿದವರು ನಾನು, ಅತ್ತೆ. ಆಕೆ ಅತ್ತಿಬೆಲೆ ಕಡೆಯ ಹಳೆಯ ಊರಿನವರು, ಮಗ ನಮ್ಮಿಬ್ಬರನ್ನೂ ಸೇರಿಸಿ ಇಲ್ಲಿ ಮನೆ ಮಾಡಿದ್ದರು. ಅವರು ಹೋದ ಮೇಲೆ ನಾವಿಬ್ಬರೂ ಅವರ ವಿಷಯ ಒಂದು ಮಾತೂ ಆಡಲಿಲ್ಲ. ಉಪ್ಪು ಸಾಕಾ, ನೀರು ಬಂತಾ, ಬಾಗಿಲು ಹಾಕಿದೆಯಾ. ಇಷ್ಟೇ. ಆಕೆ ಅತ್ತರೆ ನಾನು ಮುರಿದುಬೀಳುತ್ತೇನೆ ಅಂತ ಆಕೆ, ನಾನು ಅತ್ತರೆ ಆಕೆ ಅಂತ ನಾನು. ಹಾಗೆ ಇಬ್ಬರೂ ಒಣಗಿಕೊಂಡಿದ್ದೆವು.

ಬಸ್ಸಿಗಿಂತ ಮುಂಚೆ ಬಂದ ದಿನ ಸಂಜೆ ಮನೆಗೂ ಓಡಿಯೇ ಹೋದೆ. ಮಾರನೇ ದಿನ ಐದು ಗಂಟೆಗೆ ಎಚ್ಚರವಾಯಿತು. ಅದುವರೆಗೆ ಬೆಳಿಗ್ಗೆ ಎಂದರೆ ಎದೆಯ ಮೇಲೆ ಕಲ್ಲು. ಅವತ್ತು ಕಣ್ಣು ಬಿಟ್ಟ ಕೂಡಲೇ ಕಾಲುಗಳು ನನ್ನನ್ನು ಕೇಳದೆ ಕೆಳಗಿಳಿದವು. ಮಂಡಿ ನೋಯುತ್ತಿತ್ತು, ಪಾದದಲ್ಲಿ ಬೊಬ್ಬೆ ಬಂದಿತ್ತು, ಆದರೂ ಹೊರಗೆ ಹೋಗಬೇಕೆನಿಸಿತು. ಒಂದು ವಾರಕ್ಕೆ ಬೂಟು ಕೊಂಡೆ. ಒಂದು ತಿಂಗಳಿಗೆ ನಮ್ಮ ಬಡಾವಣೆಯ ಕೆರೆಯನ್ನು ನಾಲ್ಕು ಸುತ್ತು ನಿಲ್ಲದೆ ಸುತ್ತುತ್ತಿದ್ದೆ. ಓಡುವಾಗ ಏನು ಯೋಚಿಸುತ್ತೀಯಾ ಎಂದು ಗೆಳತಿ ಕೇಳಿದ್ದಕ್ಕೆ, ಮುಂದಿನ ಲೈಟ್ ಕಂಬ ಅಂದೆ. ನಿಜವಾಗಿ ಅಷ್ಟೇ. ಒಂದು ಕಂಬ, ಆಮೇಲೆ ಇನ್ನೊಂದು. ಪ್ರತಿ ಕಂಬಕ್ಕೂ ಸಣ್ಣದೊಂದು ಗೆಲುವು. ಕೆರೆಯಲ್ಲಿ ನೀರುಕೋಳಿ ಓಡುತ್ತಿದ್ದರೆ ಅದರ ಜೊತೆಗೂ ಪೈಪೋಟಿ.

ಗಲ್ಲಿಯಲ್ಲಿ ಮಾತು ಶುರುವಾಯಿತು. ಸಾವಾದ ವರ್ಷದೊಳಗೆ ನಾವು ಹಬ್ಬ ಮಾಡುವುದಿಲ್ಲ, ಮದುವೆಗೆ ಹೋಗುವುದಿಲ್ಲ, ಹೊಸ ಬಟ್ಟೆ ಉಡುವುದಿಲ್ಲ. ಇವಳು ನೋಡಿದರೆ ಪ್ಯಾಂಟು ಹಾಕಿಕೊಂಡು ಓಡುತ್ತಾಳೆ, ಬರುವಾಗ ಮುಖ ಬೆಳಗುತ್ತಿರುತ್ತದೆ ಅಂತ. ಆ ಕೊನೆಯದು ನಿಜವಾದ್ದರಿಂದ ನನಗೆ ತಗುಲಿತು. ಅಷ್ಟರಲ್ಲಿ ನಮ್ಮ ಫ್ಯಾಕ್ಟರಿಯಿಂದ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಡೆಯುವ ಹತ್ತು ಕಿಲೋಮೀಟರ್ ಓಟಕ್ಕೆ ಒಂದಷ್ಟು ಜನ ಹೆಂಗಸರನ್ನು ಕಳಿಸುತ್ತೇವೆ ಅಂದರು. ನಾನು ಹೆಸರು ಕೊಟ್ಟು ಬಂದು ಹೆದರುತ್ತಾ ಅತ್ತೆಗೆ ಹೇಳಿದೆ. ಎದುರು ಮನೆಯಾಕೆ ಅಲ್ಲೇ ಕೂತಿದ್ದರು. ಹಬ್ಬಕ್ಕೆ ಹೋಗದೆ ಇರುವವಳು ಇದಕ್ಕೆ ಹೋಗಬಹುದಾ ಎಂದು ಅವರೇ ಕೇಳಿದರು.

ಅತ್ತೆ ಸುಲಿಯುತ್ತಿದ್ದ ಬೆಳ್ಳುಳ್ಳಿಯನ್ನು ಮೊರಕ್ಕೆ ಹಾಕಿದರು. "ಅಲ್ಲಿ ಓಳಿಗೆ ಆಕ್ತಾರಾ?" ಅಂದರು.

ಇಲ್ಲ, ಓಡಿದ ಮೇಲೆ ಬಾಳೆಹಣ್ಣು ಕೊಡುತ್ತಾರಂತೆ ಎಂದೆ.

"ಬಾಳೆಅಣ್ಣು ತಿಥೀಗೂ ಕೊಡ್ತಾರೆ. ಅಂಗಾದ್ರೆ ಅದು ಅಬ್ಬ ಅಲ್ಲ. ಓಗ್ಬಾ."

ಎದುರು ಮನೆಯಾಕೆ ಎದ್ದು ಚಪ್ಪಲಿ ಹುಡುಕತೊಡಗಿದರು.

ಇಲ್ಲಿ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ಹೊಲಿಯುವ ಲೈನಿನ ತಲೆಯ ಮೇಲೆ ಒಂದು ಬೋರ್ಡ್ ಇರುತ್ತದೆ. ಗಂಟೆಗೊಂದು ಮನೆ. ಪ್ರತಿ ಮನೆಯಲ್ಲೂ ಆ ಗಂಟೆಯಲ್ಲಿ ಎಷ್ಟು ಪೀಸು ಬರಬೇಕು, ಎಷ್ಟು ಬಂತು ಎಂದು ಬರೆಯುತ್ತಾರೆ. ಮಷೀನಿನ ಮೇಲೆ ಕೂರುವವರು ಮೊದಲ ಎರಡು ಗಂಟೆ ಜೀವ ಬಿಟ್ಟು ಹೊಲಿಯುತ್ತಾರೆ. ಟಾರ್ಗೆಟ್ಟಿಗಿಂತ ಹೆಚ್ಚಾದ ಪೀಸುಗಳನ್ನು ಕಟ್ಟಿ ಮಷೀನಿನ ಕೆಳಗೆ ಸೇರಿಸಿಡುತ್ತಾರೆ. ಊಟವಾದ ಮೇಲೆ ಕಣ್ಣು ಎಳೆಯುವ ಹೊತ್ತಿಗೆ, ಸೊಂಟ ಹಿಡಿದಾಗ, ಆ ಕಟ್ಟು ಹೊರಗೆ ಬರುತ್ತದೆ. ನಾನೂ ಚೆಕರ್ ಆಗುವ ಮೊದಲು ಏಳು ವರ್ಷ ಹೀಗೆಯೇ ಹೊಲಿದವಳು. ಸುಸ್ತಾಗುವ ಮುಂಚೆ ಕೂಡಿಟ್ಟುಕೋ. ಇದು ನಮಗೆ ಯಾರೂ ಹೇಳಿಕೊಟ್ಟದ್ದಲ್ಲ, ಬೆರಳಿಗೇ ಗೊತ್ತು.

ಓಟಕ್ಕೂ ಅದೇ ಲೆಕ್ಕ ಹಾಕಿದೆ. ಕಟಿಂಗ್ ಸೆಕ್ಷನ್ನಿನ ಕಂದು ಕಾಗದದ ಮೇಲೆ ಕಿಲೋಮೀಟರಿಗೊಂದರಂತೆ ಹತ್ತು ಮನೆ ಬರೆದೆ. ಮೊದಲ ಐದರಲ್ಲಿ ಆದಷ್ಟು ವೇಗ, ಉಳಿಸಿದ ನಿಮಿಷಗಳನ್ನು ಕೊನೆಯ ಐದರಲ್ಲಿ ಖರ್ಚು ಮಾಡುವುದು. ಗೆಳತಿಗೂ ತೋರಿಸಿದೆ. ಅವಳೂ ಹೆಸರು ಕೊಟ್ಟಿದ್ದಳು. ಸಕ್ಕತ್ತಾಗಿದೆ ಅಂದಳು.

ಓಟದ ದಿನದ ಬೆಳಗು ಹೇಗಿತ್ತು ಅಂತ ಏನು ಹೇಳಲಿ. ಅಷ್ಟು ಜನ ಯಾವ ಕೋಪವೂ ಇಲ್ಲದೆ ಒಂದು ಕಡೆ ಸೇರಿದ್ದನ್ನು ನಾನು ನೋಡಿರಲಿಲ್ಲ. ಮೈಕಿನಲ್ಲಿ ಹಾಡು, ವೇದಿಕೆ ಮೇಲೆ ಕುಣಿಯುತ್ತಾ ಎಲ್ಲರನ್ನೂ ಕುಣಿಸುವವನು, ಕಂಪನಿಗಳ ದೊಡ್ಡ ದೊಡ್ಡ ಗಾಜಿನ ಕಟ್ಟಡಗಳ ನಡುವೆ ಖಾಲಿ ರಸ್ತೆ. ಆ ರಸ್ತೆಯನ್ನು ನಾನು ಖಾಲಿ ನೋಡಿದ್ದೇ ಮೊದಲು. ಕೊಟ್ಟ ಟೀಶರ್ಟನ್ನು ಅಭ್ಯಾಸಬಲದಿಂದ ಒಳಹೊರಗು ಮಾಡಿ ಹೊಲಿಗೆ ನೋಡಿದೆ, ಪಕ್ಕದ ಹೊಲಿಗೆಯಲ್ಲಿ ಎರಡು ಕಡೆ ದಾರ ತಪ್ಪಿತ್ತು. ನನ್ನ ಟೇಬಲ್ಲಿಗೆ ಬಂದಿದ್ದರೆ ವಾಪಸ್ ಕಳಿಸುತ್ತಿದ್ದೆ.

ಗಂಟೆ ಹೊಡೆದ ಕೂಡಲೇ ಬಾಣದ ಹಾಗೆ ಹೋದೆ. ಮೊದಲ ಕಿಲೋಮೀಟರಿನಲ್ಲಿ ನನ್ನ ಮುಂದೆ ಹೆಂಗಸರು ಕೆಲವರೇ. ಎರಡನೆಯದರಲ್ಲಿ ಗಂಡಸರನ್ನು ದಾಟತೊಡಗಿದೆ. ಕೈಗೆ ದೊಡ್ಡ ಗಡಿಯಾರ ಕಟ್ಟಿದವರು, ಕಪ್ಪು ಕನ್ನಡಕದವರು. ಐದನೇ ಕಿಲೋಮೀಟರಿಗೆ ನನ್ನ ಕಾಗದದ ಲೆಕ್ಕಕ್ಕಿಂತ ನಾಲ್ಕು ನಿಮಿಷ ಹೆಚ್ಚೇ ಉಳಿಸಿದ್ದೆ. ಖುಷಿಗೆ ನೀರು ಕುಡಿಯಲೂ ನಿಲ್ಲಲಿಲ್ಲ.

ಏಳನೆಯದರಲ್ಲಿ ಕಾಲು ಬಂಡೆಯಾಯಿತು. ಕೂಡಿಟ್ಟದ್ದನ್ನು ತೆಗೆಯೋಣ ಎಂದರೆ ಏನೂ ಇಲ್ಲ. ರಸ್ತೆಯಲ್ಲಿ ಯಾವ ಮಷೀನಿನ ಕೆಳಗೂ ಕಟ್ಟು ಇರುವುದಿಲ್ಲ. ನಾನು ದಾಟಿದವರೆಲ್ಲ ಒಬ್ಬೊಬ್ಬರಾಗಿ ನನ್ನನ್ನು ದಾಟಿದರು. ಎಂಟನೇ ಕಿಲೋಮೀಟರ್ ಬೋರ್ಡು ಕಂಡಿದ್ದು ನೆನಪಿದೆ. ಆಮೇಲೆ ಡಿವೈಡರ್ ಮೇಲೆ ಕೂತಿದ್ದೆ. ಆಮೇಲೆ ಆಂಬುಲೆನ್ಸಿನಲ್ಲಿ ಮಲಗಿದ್ದೆ, ಕೈಗೆ ಗ್ಲೂಕೋಸ್.

ಎದೆಗೆ ಅಂಟಿಸಿದ್ದ ನಂಬರ್ ಚೀಟಿಯ ಹಿಂದೆ ಮನೆಯ ಫೋನ್ ನಂಬರ್ ಬರೆಯಬೇಕಿತ್ತು, ಬರೆದಿದ್ದೆ. ಆಂಬುಲೆನ್ಸಿನಲ್ಲಿದ್ದ ಹುಡುಗಿ ತನ್ನ ಕರ್ತವ್ಯ ಮಾಡಿದಳು. ನನಗೆ ಪೂರ್ತಿ ಎಚ್ಚರವಾದಾಗ ಅವಳು ಫೋನಿನಲ್ಲಿ ಹೇಳುತ್ತಿದ್ದಳು, ನಿಮ್ಮವರು ಆಂಬುಲೆನ್ಸಿನಲ್ಲಿದ್ದಾರೆ ಅಂತ.

ಮನೆಗೆ ಬಂದಾಗ ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು. ಫೋನು ಇನ್ನೂ ಕೈಯಲ್ಲೇ ಇತ್ತು. ನನ್ನ ಪಾದ, ಮಂಡಿ, ಕೈ, ಕುತ್ತಿಗೆ ಎಲ್ಲ ಮುಟ್ಟಿ ನೋಡಿದರು, ಸಂತೆಯಲ್ಲಿ ಹಸು ನೋಡುವ ಹಾಗೆ. ಆಮೇಲೆ ಮೆಲ್ಲಗೆ ಹೇಳಿದರು.

"ಅದೇ ಮಾತು ಕಣಮ್ಮ. ಅದೇ ಮಾತು, ಎಲ್ಡು ಸಲ. ಮೂರ್ನೇ ಸಲ ನಾನು ಫೋನ್ ಎತ್ತಾಕಾಗಲ್ಲ. ಇನ್ ಓಡ್ಬ್ಯಾಡ."

ಸರಿ ಅಂದೆ. ಬೂಟು ಮಂಚದ ಕೆಳಗೆ ಹೋಯಿತು.

ಆರು ವಾರ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಮತ್ತೆ ಬೆಳಿಗ್ಗೆ ಕಲ್ಲು, ಮತ್ತೆ ಉಪ್ಪು ಸಾಕಾ, ನೀರು ಬಂತಾ. ಲೈನಿನಲ್ಲಿ ಒಂದು ದಿನ ಮೂರು ಶರ್ಟುಗಳನ್ನು ಒಂದು ತೋಳಿಲ್ಲದೆಯೇ ಪಾಸ್ ಮಾಡಿ ಕಳಿಸಿಬಿಟ್ಟೆ. ಪ್ಯಾಕಿಂಗಿನವರು ಅವನ್ನು ಮೆರವಣಿಗೆಯಲ್ಲಿ ವಾಪಸ್ ತಂದರು. ಗೆಳತಿ, ಒಂಟಿ ಕೈಯವರಿಗೆ ಆರ್ಡರ್ ಬಂದಿದೆಯಂತೆ ಅಂತ ನಗಿಸಲು ನೋಡಿದಳು. ನನಗೆ ನಗು ಬರಲಿಲ್ಲ. ಬಾರದ್ದು ಗೊತ್ತಾಯಿತು, ಅದೇ ಕಷ್ಟ. ಮೊದಲು ಅದೂ ಗೊತ್ತಾಗುತ್ತಿರಲಿಲ್ಲ.

ಒಂದು ಭಾನುವಾರ ಐದೂವರೆಗೆ ಅತ್ತೆ ಬಂದು ಹೊದಿಕೆ ಎಳೆದರು. ಬೂಟು ಅವರ ಕೈಯಲ್ಲಿತ್ತು, ಧೂಳು ಒರೆಸಿದ್ದರು.

"ಏಳು. ಕೆರೆತಾವ್ಕೆ ನಾನೂ ಬತ್ತೀನಿ. ನೀನಿಂಗೆ ಬಿದ್ಕೊಂಡ್ರೆ ಈ ಮನೇಲಿ ಇಬ್ರು ಓದಂಗಾತು. ಆದ್ರೆ ನಾನ್ ಏಳ್ದಂಗೆ ಓಡ್ಬೇಕು."

ಕೆರೆಯ ದಾರಿಯಲ್ಲಿ ಹೊಂಗೆ ಮರವೊಂದರ ಕೆಳಗೆ ಕಲ್ಲಿನ ಬೆಂಚು ಇದೆ. ಆ ಮರ ಬೇಡವೆಂದು ಆಕೆ ಮುಂದೆ ನಡೆದು, ಬಿಸಿಲು ಬೀಳುವ ಕಡೆಯ ಬೆಂಚಿನಲ್ಲಿ ಶಾಲು ಹೊದ್ದು ಕೂತರು. ನಿಯಮ ಹೇಳಿದರು. ಪ್ರತಿ ಸುತ್ತಿಗೂ ನಾನು ಆ ಬೆಂಚಿನ ಮುಂದೆ ಬಂದಾಗ ಆಕೆ ಒಂದು ಪ್ರಶ್ನೆ ಕೇಳುತ್ತಾರೆ. ನಾನು ನಿಲ್ಲದೆ, ಏದುಸಿರು ಬಿಡದೆ, ಪೂರ್ತಿ ಒಂದು ಮಾತಿನಲ್ಲಿ ಉತ್ತರ ಹೇಳಬೇಕು. ಮಾತು ನಡುವೆ ಕಡಿದರೆ ಮುಂದಿನ ಸುತ್ತು ನಡಿಗೆ.

ಮೊದಲ ದಿನ ಎರಡನೇ ಸುತ್ತಿಗೇ ಸಿಕ್ಕಿಬಿದ್ದೆ. ಸಾರಿಗೆ ಯಾವ ಬೇಳೆ ಹಾಕಲಿ ಅಂತ ಕೇಳಿದರು. "ತೊಗ" ಅಂದೆ, "ರಿ" ಬರುವಷ್ಟರಲ್ಲಿ ಉಸಿರು ಬೇಕಾಯಿತು. "ನಡಿ" ಅಂತ ಕೈ ಬೀಸಿದರು. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು, ಒಳ್ಳೇ ಕೋಚ್ ಕಣ್ರೀ ಅಂದರು. ಓಟ ಎಂದರೆ ನಾಚಿಕೆಯಾಗುವಷ್ಟು ನಿಧಾನ ಮಾಡಿಕೊಂಡೆ. ನಾಯಿ ಹಿಡಿದುಕೊಂಡ ಅಜ್ಜಿಯರು ನನ್ನನ್ನು ದಾಟಿದರು. ಆದರೆ ಆ ನಿಧಾನದಲ್ಲಿ ಒಂದು ವಿಚಿತ್ರ ಇತ್ತು. ಐದನೇ ಸುತ್ತು ಮುಗಿದಾಗ ಆರನೆಯದು ಬೇಕೆನಿಸುತ್ತಿತ್ತು. ಆರಾದಾಗ ಏಳು. ಹೊಟ್ಟೆ ತುಂಬದ ಊಟದ ಹಾಗೆ.

ನಾಲ್ಕನೆಯ ದಿನವೋ ಐದನೆಯ ದಿನವೋ, ಮೂರನೇ ಸುತ್ತಿನಲ್ಲಿ ಆಕೆ ಬೇಳೆಯ ವಿಷಯ ಕೇಳಲಿಲ್ಲ. ಮುಖ ಕೆರೆಯ ಕಡೆ ತಿರುಗಿಸಿಕೊಂಡು, ಅವನು ನಿನ್ನ ಜೊತೆ ಕೊನೆಗೆ ಯಾವುದಕ್ಕೆ ಜಗಳ ಆಡಿದ ಅಂತ ಕೇಳಿದರು.

ಕಾಲು ನಿಲ್ಲಲಿಲ್ಲ, ಅದೇ ಪುಣ್ಯ. ಮುದ್ದೆಯನ್ನು ನುಂಗದೆ ಅಗಿದು ತಿನ್ನುತ್ತಾರೆ ಅಂತ ನಾನು ಬೈದಿದ್ದಕ್ಕೆ, ಅಂತ ಒಂದೇ ಉಸಿರಿಗೆ ಹೇಳಿ ಮುಂದೆ ಹೋದೆ. ಹೇಳಿದ ಮೇಲೆ ಒಂದು ಪೂರ್ತಿ ಸುತ್ತು ನನ್ನದು. ಆಕೆ ನನ್ನ ಮುಖ ನೋಡಬೇಕಾಗಿಲ್ಲ, ನಾನು ಆಕೆಯದು ನೋಡಬೇಕಾಗಿಲ್ಲ. ಅತ್ತರೂ ಬೆವರಿನಲ್ಲಿ ಹೋಗುತ್ತದೆ. ತಿರುಗಿ ಬಂದಾಗ ಆಕೆ, ಚಿಕ್ಕಂದಿನಿಂದ ಹಾಗೇ ಅಗಿಯೋನು, ನಾನು ಹೊಡೆದಿದ್ದೀನಿ ಅದಕ್ಕೆ ಅಂದರು. ನಾನು ನಗುತ್ತಾ ದಾಟಿದೆ.

ಆಮೇಲೆ ದಿನವೂ ಅದೇ. ಸುತ್ತಿಗೆ ಒಂದು ಮಾತು ಅವರ ಬಗ್ಗೆ. ಟೀವಿ ಧಾರಾವಾಹಿ ನೋಡಿ ಕದ್ದು ಅಳುತ್ತಿದ್ದರು ಅಂತ ನಾನು. ಮೇಷ್ಟರಿಗೆ ಹೆದರಿ ರಾಗಿ ಹೊಲದಲ್ಲಿ ಅಡಗಿ ಅಲ್ಲೇ ನಿದ್ದೆ ಹೋಗಿದ್ದ ಅಂತ ಆಕೆ. ಫೋರ್ಕ್‌ಲಿಫ್ಟನ್ನು ರಿವರ್ಸ್ ಮಾಡಿ ಮಾಡಿ ಮಾತಾಡುವಾಗಲೂ ಎಡ ಭುಜದ ಮೇಲಿಂದ ತಿರುಗಿ ನೋಡುತ್ತಿದ್ದರು ಅಂತ ನಾನು. ಮನೆಯೊಳಗೆ ಬಂದರೆ ಮತ್ತೆ ಉಪ್ಪು, ನೀರು. ಕೆರೆಯ ದಾರಿಯಲ್ಲಿ ಮಾತ್ರ ಅವರು ನಮ್ಮಿಬ್ಬರ ನಡುವೆ ಸುತ್ತುತ್ತಿದ್ದರು. ಹೆಚ್ಚು ಮಾತು ಬೇಕಾದರೆ ಹೆಚ್ಚು ಸುತ್ತು ಓಡಬೇಕು. ಚಳಿ ಶುರುವಾಗುವ ಹೊತ್ತಿಗೆ ನಾನು ಹದಿನಾಲ್ಕು ಸುತ್ತು ಓಡುತ್ತಿದ್ದೆ.

ವೈಟ್‌ಫೀಲ್ಡಿನಲ್ಲಿ ಇಪ್ಪತ್ತೊಂದು ಕಿಲೋಮೀಟರಿನ ಓಟ ಇದೆ ಅಂತ ಗೊತ್ತಾದಾಗ ಅತ್ತೆ ಅದು ಕೆರೆಗೆ ಎಷ್ಟು ಸುತ್ತಾಗುತ್ತದೆ ಎಂದು ಬೆರಳು ಮಡಚಿ ಎಣಿಸಿದರು. ಆಮೇಲೆ ಷರತ್ತು ಹಾಕಿದರು. ಓಟ ಮುಗಿದ ಮೇಲೆ ಫೋನ್ ಬರಬೇಕು. ಬೇರೆ ಯಾರ ದನಿಯೂ ಕೇಳಬಾರದು, ನನ್ನದೇ ದನಿ, ನಾನು ನಿಂತುಕೊಂಡು ಮಾಡಿದ ಫೋನ್. ಬೇರೆಯವರ ದನಿ ಬಂದರೆ ಓಟವೂ ಇಲ್ಲ, ಕೆರೆಯೂ ಇಲ್ಲ. ಇದನ್ನು ಗದರಿಸಿ ಹೇಳಲಿಲ್ಲ, ಬೇಡಿಕೊಂಡ ಹಾಗೆ ಹೇಳಿದರು. ಕೆರೆ ಇಲ್ಲದಿದ್ದರೆ ಆ ಮಾತುಗಳೂ ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ನನಗೆ ಹೆದರಿಕೆಯಾಯಿತು. ಮೊದಲ ಸಲ ಸೋತಾಗ ಹೋಗಿದ್ದು ಒಂದು ಮೆಡಲ್ ಅಷ್ಟೇ. ಈ ಸಲ ಸೋತರೆ ಅವರನ್ನು ಇನ್ನೊಮ್ಮೆ ಕಳೆದುಕೊಳ್ಳುತ್ತಿದ್ದೆವು.

ಫ್ಯಾಕ್ಟರಿಯ ಉಳಿಕೆ ಬಟ್ಟೆಯಲ್ಲಿ ಸೊಂಟಕ್ಕೆ ಒಂದು ಚೀಲ ಹೊಲಿದು ಫೋನ್ ಇಟ್ಟುಕೊಂಡೆ. ಓಟದ ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಗೆಳತಿಯ ಜೊತೆ ಆಟೋದಲ್ಲಿ ಹೊರಟೆ. ಅವಳು ಹತ್ತು ಕಿಲೋಮೀಟರಿಗೆ ಸಾಕು ಅಂದಿದ್ದಳು. ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದಳು, ಇವತ್ತು ಮಷೀನಿನ ಕೆಳಗೆ ಏನೂ ಇಡಬೇಡ ಕಣೇ ಅಂತ.

ವೈಟ್‌ಫೀಲ್ಡಿನಲ್ಲಿ ಇನ್ನೂ ಕತ್ತಲು. ಮೆಟ್ರೋ ಕಂಬಗಳ ಕೆಳಗೆ ಸಾವಿರಾರು ಬೂಟುಗಳು ಕುಣಿಯುತ್ತಿದ್ದವು. ಸೊಂಟದ ಚೀಲದಲ್ಲಿ ಫೋನ್ ಇದೆಯೇ ಎಂದು ಮತ್ತೆ ಮುಟ್ಟಿ ನೋಡಿಕೊಂಡೆ. ಜನರ ನಡುವೆ ಕೋಲಿಗೆ ಬಾವುಟ ಕಟ್ಟಿಕೊಂಡು ಕೆಲವರು ನಿಂತಿದ್ದರು. ಪೇಸರ್ ಎನ್ನುತ್ತಾರೆ ಅವರಿಗೆ. ಬಾವುಟದ ಮೇಲೆ ಬರೆದ ಸಮಯಕ್ಕೆ ಸರಿಯಾಗಿ, ಮೊದಲಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಓಡಿ ಜೊತೆಯವರನ್ನು ತಲುಪಿಸುವುದು ಅವರ ಕೆಲಸ. ಎರಡು ಮುಕ್ಕಾಲು ಗಂಟೆಯ ಬಾವುಟ ಹಿಡಿದವರು ನಲವತ್ತರ ಹತ್ತಿರದ ಒಬ್ಬರು, ಹಣೆಯಲ್ಲಿ ವಿಭೂತಿ, ಧಾರವಾಡ ಕಡೆಯ ಮಾತು. ನಾನು ಅವರ ಹಿಂದೆ ನಿಂತೆ.

ಗಂಟೆ ಹೊಡೆಯಿತು. ಎಲ್ಲರೂ ಹೋದರು. ನಿಜವಾಗಿ ಎಲ್ಲರೂ. ಎಡಗಡೆ, ಬಲಗಡೆ, ಜನ ನದಿಯ ಹಾಗೆ ಹರಿದು ನಮ್ಮನ್ನು ದಾಟಿ ಹೋಗುತ್ತಿದ್ದರು. ಏಳು ವರ್ಷ ಹೊಲಿದ ನನ್ನ ಬೆರಳುಗಳು ಕಾಲಿಗೆ ಇಳಿದಿದ್ದವು. ಕೂಡಿಟ್ಟುಕೋ, ಈಗಲೇ, ಮೈ ಹೊಸದಾಗಿರುವಾಗಲೇ. ನಾಲ್ಕನೇ ಕಿಲೋಮೀಟರಿನಲ್ಲಿ ತಡೆಯಲಾಗಲಿಲ್ಲ, ಬಾವುಟವನ್ನು ದಾಟಿದೆ. ಇಪ್ಪತ್ತು ಹೆಜ್ಜೆ ಹೋಗಿರಬಹುದು.

"ಅಕ್ಕಾರ, ಎಲ್ಲಿ ಹೊಂಟ್ರಿ?" ಹಿಂದಿನಿಂದ ದನಿ ಬಂತು. "ಬಾವುಟ ಇಲ್ಲೈತ್ರಿ. ಇನ್ನ ಹದಿನೇಳು ಉಳದಾವು. ಯಾರೂ ನಿಮ್ಮ ಜಾಗಾ ಕಸಗೊಳ್ಳಾಂಗಿಲ್ಲ, ಹಿಂದ ಬರ್ರಿ."

ಸುತ್ತಲಿದ್ದವರು ನಕ್ಕರು. ನಾನು ನಾಚಿಕೊಂಡು ಹಿಂದೆ ಬಂದೆ. ಅಲ್ಲಿಂದ ಅವರ ಬೆನ್ನನ್ನೇ ನೋಡುತ್ತಾ ಓಡಿದೆ. ನೋಡಿದರೆ ಟೀಶರ್ಟಿನ ಕೆಳ ಅಂಚಿನಲ್ಲಿ ಒಂದು ದಾರ ನೇತಾಡುತ್ತಿದೆ. ಬೆರಳುದ್ದದ ಬಿಳಿ ದಾರ. ಪ್ರತಿ ಹೆಜ್ಜೆಗೂ ಎಡಕ್ಕೆ, ಬಲಕ್ಕೆ. ಚೆಕರ್ ಆದವಳಿಗೆ ಇದಕ್ಕಿಂತ ಹಿಂಸೆ ಇಲ್ಲ. ಕೈ ತುರಿಸುತ್ತಿತ್ತು. ಆದರೆ ಆ ದಾರ ಎಷ್ಟು ಸಮನಾಗಿ ಆಡುತ್ತಿತ್ತು ಅಂದರೆ, ಅದನ್ನು ನೋಡುತ್ತಾ ನೋಡುತ್ತಾ ನನಗೆ ಒಂದು ವಿಷಯ ಹೊಳೆಯಿತು. ಲೈನಿನ ಕೊನೆಯಲ್ಲಿ ಕೂತು ಐದು ವರ್ಷದಿಂದ ನಾನೇ ನೋಡುತ್ತಿರಲಿಲ್ಲವೇ? ಕಾಲರಿನವಳು ಎಷ್ಟೇ ವೇಗವಾಗಿ ಹೊಲಿದರೂ ನನ್ನ ಟೇಬಲ್ಲಿಗೆ ಶರ್ಟು ಬೇಗ ಬರುವುದಿಲ್ಲ. ಎಲ್ಲರೂ ಒಂದೇ ಹದದಲ್ಲಿ ಹೊಲಿದ ದಿನ ಮಾತ್ರ ಶರ್ಟುಗಳು ನೀರಿನಂತೆ ಬರುತ್ತವೆ. ಹೊಲಿಯುವವಳ ಆಸೆಯನ್ನು ರಸ್ತೆಗೆ ತಂದು, ಚೆಕರಿನ ಬುದ್ಧಿಯನ್ನು ಫ್ಯಾಕ್ಟರಿಯಲ್ಲೇ ಬಿಟ್ಟು ಬಂದಿದ್ದೆ.

ಹತ್ತನೇ ಕಿಲೋಮೀಟರಿನ ನೀರಿನ ಟೇಬಲ್ಲಿನಲ್ಲಿ ಕೇಳಿಯೇಬಿಟ್ಟೆ, ಸಾರ್, ನಿಮ್ಮ ದಾರ ಕೀಳಲಾ ಅಂತ. ಅವರು ತಿರುಗಿ ನೋಡಿಕೊಂಡು ನಕ್ಕರು. ಕಿತ್ತರೆ ನೀವು ಯಾವುದನ್ನು ಹಿಡಿದುಕೊಂಡು ಬರುತ್ತೀರಿ, ಇರಲಿ ಬಿಡಿ ಅಂದರು. ಅವರಿಗೆ ಗೊತ್ತಾಗಿತ್ತು.

ಹನ್ನೆರಡನೇ ಕಿಲೋಮೀಟರಿನ ಹೊತ್ತಿಗೆ ಸೂರ್ಯ ಬಂದ. ಗಾಜಿನ ಕಟ್ಟಡಗಳೆಲ್ಲ ಒಮ್ಮೆಗೇ ಹೊತ್ತಿಕೊಂಡವು. ಆಗ ಶುರುವಾಯಿತು ನೋಡಿ. ಮೊದಲು ನಮ್ಮನ್ನು ದಾಟಿ ಹೋದವರು ಒಬ್ಬೊಬ್ಬರಾಗಿ ಸಿಗತೊಡಗಿದರು. ನಡೆಯುತ್ತಿರುವವರು, ಮಂಡಿ ಹಿಡಿದುಕೊಂಡವರು, ಡಿವೈಡರ್ ಮೇಲೆ ಕೂತವರು. ಕೂತವರನ್ನು ಕಂಡಾಗ ನನಗೆ ನನ್ನ ಮುಖವೇ ಕಾಣುತ್ತಿತ್ತು. ಏಳಿ, ಬನ್ನಿ ನಮ್ಮ ಜೊತೆ ಎಂದು ಕರೆದೆ. ಇಬ್ಬರು ಎದ್ದು ಬಂದರು. ಹದಿನೈದು ಆಯಿತು, ಹದಿನಾರು ಆಯಿತು. ಕಾಲು ನೋಯುತ್ತಿತ್ತು, ಆದರೆ ನೋವು ಪಕ್ಕದಲ್ಲಿ ಓಡುವ ಇನ್ನೊಬ್ಬರ ಹಾಗಿತ್ತು. ರಸ್ತೆ ಬದಿಯಲ್ಲಿ ಅಪಾರ್ಟ್‌ಮೆಂಟಿನ ಅಜ್ಜಂದಿರು ತಟ್ಟೆ ಬಡಿದು ಹುರಿದುಂಬಿಸುತ್ತಿದ್ದರು. ಪ್ರತಿ ಕಿಲೋಮೀಟರಿಗೂ ನಾನು ಮನಸ್ಸಿನಲ್ಲೇ ಒಂದು ಪೂರ್ತಿ ಮಾತು ಹೇಳಿಕೊಂಡು ಉಸಿರು ನೋಡಿಕೊಳ್ಳುತ್ತಿದ್ದೆ. ಹದಿನೇಳಕ್ಕೆ, ನಮ್ಮ ಯಜಮಾನರು ಹಲ್ಲಿ ಕಂಡರೆ ಮಂಚ ಹತ್ತುತ್ತಿದ್ದರು. ಹದಿನೆಂಟಕ್ಕೆ, ಮದುವೆಯ ದಿನ ನನ್ನ ಹೆಸರು ಮರೆತು ಬೆವರಿದ್ದರು. ಹತ್ತೊಂಬತ್ತಕ್ಕೆ ಮಾತು ಉಸಿರಿಗೆ ಕಡಿಯಲಿಲ್ಲ, ನಗು ಬಂದು ಕಡಿಯಿತು.

ಇನ್ನು ಎರಡು ಉಳಿದಾಗ ಪೇಸರ್ ನನ್ನ ಕಡೆ ತಿರುಗಿ, "ಈಗ ಹೋಗ್ರಿ ಅಕ್ಕಾರ. ಎಷ್ಟ ಬೇಕಷ್ಟ ಹೋಗ್ರಿ" ಅಂದರು.

ಹೋದೆ. ಅದನ್ನು ಹೇಗೆ ಬರೆಯಲಿ? ಎರಡು ಕಿಲೋಮೀಟರಿನಲ್ಲಿ ಎಷ್ಟು ಜನರನ್ನು ದಾಟಿದೆನೋ ಗೊತ್ತಿಲ್ಲ. ಕಿವಿಯಲ್ಲಿ ಗಾಳಿ, ಕಣ್ಣಲ್ಲಿ ಉಪ್ಪು, ಪಾದ ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ. ದುಃಖ ಎಲ್ಲೂ ಹೋಗಿರಲಿಲ್ಲ. ಅದೂ ನನ್ನ ಜೊತೆ ಅಷ್ಟೇ ವೇಗವಾಗಿ ಓಡುತ್ತಿತ್ತು, ಅದಕ್ಕೂ ಖುಷಿಯಾದ ಹಾಗಿತ್ತು. ಕಮಾನು ದಾಟಿದಾಗ ಯಾರೋ ಕೊರಳಿಗೆ ಮೆಡಲ್ ಹಾಕಿದರು. ಕಾಲು ಮಡಚಿಕೊಳ್ಳಲು ನೋಡಿತು. ಪಕ್ಕದ ಕಬ್ಬಿಣದ ಕಂಬ ಹಿಡಿದು ನಿಂತೆ. ಒಬ್ಬ ಸ್ವಯಂಸೇವಕಿ ಕುರ್ಚಿ ತಂದಳು, ಬೇಡವೇ ಬೇಡ ಅಂದೆ. ಅವಳಿಗೆ ಗಾಬರಿ.

ಚೀಲದಿಂದ ಫೋನ್ ತೆಗೆದೆ. ಬೆವರಿಗೆ ಪರದೆ ನನ್ನ ಬೆರಳನ್ನು ಒಪ್ಪಲಿಲ್ಲ. ಒರೆಸಿದೆ, ಒಪ್ಪಲಿಲ್ಲ. ಟೀಶರ್ಟೂ ಒದ್ದೆ. ನಾನು ಮಾಡಿಕೊಡಲಾ ಎಂದು ಆ ಹುಡುಗಿ ತನ್ನ ಫೋನ್ ತೆಗೆದಳು. ಬೇಡ, ನಂಬರ್ ನನ್ನದೇ ಆಗಬೇಕು ಅಂದೆ. ಕೊನೆಗೆ ಅವಳ ದುಪಟ್ಟಾದಲ್ಲಿ ಒರೆಸಿಕೊಂಡೆ.

ಅರ್ಧ ರಿಂಗಿಗೇ ಎತ್ತಿದರು. ಹಲೋ ಅನ್ನಲಿಲ್ಲ. ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು.

"ಅತ್ತೆ, ನಾನೇ. ಮುಗೀತು. ನಿಂತ್ಕೊಂಡೇ ಇದ್ದೀನಿ."

ಆಮೇಲೆ ಅಳು. ಸಣ್ಣ ಅಳುವಲ್ಲ, ಬಾವಿಯಿಂದ ಹಗ್ಗ ಸೇದುವ ಹಾಗೆ, ಒಂದೊಂದೇ ಎಳೆತ. ಮಗನ ಹೆಣದ ಮುಂದೆಯೂ ಆಕೆ ಹೀಗೆ ಅತ್ತಿರಲಿಲ್ಲ. ನನ್ನ ಹಿಂದೆ ಮೈಕಿನಲ್ಲಿ ಹಾಡು, ಜನ ಕುಣಿಯುತ್ತಿದ್ದರು, ಗೆಳತಿ ಎರಡು ಬಾಳೆಹಣ್ಣು ಹಿಡಿದು ನನ್ನ ಕಡೆ ಓಡಿಬರುತ್ತಿದ್ದಳು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು, ಅಳಿ ಅತ್ತೆ, ಅಳಿ, ನಾನು ಇಟ್ಟುಬಿಡುವುದಿಲ್ಲ ಅಂದೆ. ಆಕೆ ಮುಗಿಸುವವರೆಗೂ ನಾನು ಕೂರಲಿಲ್ಲ.